ಕಾರಿಗೆ ಸಬ್‌ವೂಫರ್, ಆಂಪ್ಲಿಫೈಯರ್: ಕೊಳ್ಳುವ ಮುನ್ನ ತಿಳಿದಿರಬೇಕಾದ ಲೆಕ್ಕ

ಬಸವಕಲ್ಯಾಣ/ಹುಮನಾಬಾದ್: ಪುಣೆ–ಹೈದರಾಬಾದ್ ನಡುವಣ ರಾಷ್ಟ್ರೀಯ ಹೆದ್ದಾರಿ 65 ಬೀದರ್ ಜಿಲ್ಲೆಯ ಈ ಎರಡು ತಾಲ್ಲೂಕುಗಳ ಬದುಕನ್ನು ವಾಹನಗಳೊಂದಿಗೆ ಬೆಸೆದಿದೆ. 2010ರ ಮರುಸಂಖ್ಯೆಗೆ ಮುನ್ನ ಇದು ಹೆದ್ದಾರಿ 9 ಆಗಿತ್ತು. ಬಸವಕಲ್ಯಾಣವು ಲಾರಿ ವ್ಯವಹಾರ, ಬಿಡಿಭಾಗ ಹಾಗೂ ದುರಸ್ತಿ ಕೆಲಸಗಳಿಗೆ ಹೆಸರಾಗಿದ್ದರೆ, ಹುಮನಾಬಾದ್ ಇದೇ ಹೆದ್ದಾರಿಯು ಬೀದರ್–ಕಲಬುರಗಿ ಮಾರ್ಗದ ಹೆದ್ದಾರಿ 50ನ್ನು ಸಂಧಿಸುವ ತಾಣವಾಗಿದೆ. ಸೊಲ್ಲಾಪುರ, ಕಲಬುರಗಿ, ಹೈದರಾಬಾದ್ ಕಡೆಗೆ ಗಂಟೆಗಟ್ಟಲೆ ಪ್ರಯಾಣಿಸುವವರಿಗೆ ಹಾಡು ಜೊತೆಗಾರನಿದ್ದಂತೆ. ಆದರೆ ಕಾರಿನಲ್ಲಿ ಕಂಪನಿಯೇ ಅಳವಡಿಸಿಕೊಡುವ ಚಿಕ್ಕ ಸ್ಪೀಕರ್‌ಗಳಿಂದ ತಬಲಾದ ಡಗ್ಗಾ, ಡೊಳ್ಳು, ಹಲಗೆಗಳ ಗಂಭೀರ ನಾದ ಹೊರಹೊಮ್ಮುವುದು ಕಷ್ಟ. ಈ ಕೊರತೆಯನ್ನು ತುಂಬುವ ಸಾಧನವೇ ಸಬ್‌ವೂಫರ್.

ಸಬ್‌ವೂಫರ್ ಹಾಗೂ ಅದಕ್ಕೆ ಹೊಂದುವ ಆಂಪ್ಲಿಫೈಯರ್‌ ಆಯ್ಕೆಯಲ್ಲಿ ಎಡವುವವರು ಹಲವರು. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಮುದ್ರಿತವಾದ ವ್ಯಾಟ್ ಸಂಖ್ಯೆಯನ್ನು ನಂಬಿ ಸಾವಿರಾರು ರೂಪಾಯಿ ತೆತ್ತ ಮೇಲೆ ಕಾಯಿಲ್ ಸುಟ್ಟುಹೋಗುವುದು, ಬ್ಯಾಟರಿ ಇಳಿಯುವುದು, ಕೆಲವೊಮ್ಮೆ ವೈರಿಗೆ ಬೆಂಕಿ ತಗಲುವುದು ತಪ್ಪು ಹೊಂದಾಣಿಕೆಯ ಫಲ. ಸರಳ ಗುಣಾಕಾರ, ಭಾಗಾಕಾರ ಬಲ್ಲವರು ಈ ನಷ್ಟವನ್ನು ತಪ್ಪಿಸಿಕೊಳ್ಳಬಹುದು.

ಸಬ್‌ವೂಫರ್ ಎಂದರೇನು?

ಮನುಷ್ಯನ ಕಿವಿ ಸುಮಾರು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗಿನ ಧ್ವನಿಯನ್ನು ಗ್ರಹಿಸಬಲ್ಲದು. ಇದರ ಕೆಳತುದಿಯ, ಅಂದರೆ 20ರಿಂದ 80 ಅಥವಾ 100 ಹರ್ಟ್ಸ್‌ವರೆಗಿನ ಮಂದ್ರ ಧ್ವನಿಯನ್ನು ಮಾತ್ರ ನುಡಿಸಲು ರೂಪಿಸಿದ ದೊಡ್ಡ ಸ್ಪೀಕರ್ ಸಬ್‌ವೂಫರ್. ಮಂದ್ರ ಧ್ವನಿಯ ಅಲೆಗಳು ಬಹಳ ಉದ್ದ; 50 ಹರ್ಟ್ಸ್ ಧ್ವನಿಯ ಒಂದು ಅಲೆ ಸುಮಾರು 7 ಮೀಟರ್ ಇರುತ್ತದೆ. ಇಂತಹ ಅಲೆಯನ್ನು ಎಬ್ಬಿಸಲು ಹೆಚ್ಚು ಗಾಳಿಯನ್ನು ತಳ್ಳಬೇಕಾದ್ದರಿಂದ ಅಗಲವಾದ ಕೋನ್, ಬಲವಾದ ಕಾಯಿಲ್, ಹೆಚ್ಚಿನ ವಿದ್ಯುತ್ತು ಅಗತ್ಯವಾಗುತ್ತವೆ.

ಕಾರಿನ ಒಳಾಂಗಣ ಚಿಕ್ಕದಾಗಿರುವುದು ಇಲ್ಲಿ ವರವೇ ಸರಿ. ಅಲೆಯ ಉದ್ದಕ್ಕಿಂತ ಕೋಣೆ ಚಿಕ್ಕದಾದಾಗ ಮಂದ್ರ ಧ್ವನಿಯ ಒತ್ತಡ ತಾನಾಗಿಯೇ ಏರುತ್ತದೆ. ಮನೆಯ ಹಜಾರದಲ್ಲಿ ಸಾಧಾರಣವೆನಿಸುವ 10 ಅಂಗುಲದ ಸಬ್‌ವೂಫರ್ ಕಾರಿನಲ್ಲಿ ತುಂಬುನಾದ ಕೊಡುವುದು ಈ ಕಾರಣಕ್ಕೆ.

ಗಾತ್ರ: ದೊಡ್ಡದೇ ಉತ್ತಮವೇ?

ಮಾರುಕಟ್ಟೆಯಲ್ಲಿ 8, 10, 12 ಹಾಗೂ 15 ಅಂಗುಲದ ಸಬ್‌ವೂಫರ್‌ಗಳು ಸಾಮಾನ್ಯ. 12 ಅಂಗುಲದ ಒಂದು ಕೋನ್‌ನ ವಿಸ್ತೀರ್ಣ ಸುಮಾರು 490 ಚದರ ಸೆಂ.ಮೀ. ಇದ್ದರೆ, 10 ಅಂಗುಲದ್ದು ಸುಮಾರು 340 ಚದರ ಸೆಂ.ಮೀ. ಅಂದರೆ 10 ಅಂಗುಲದ ಎರಡು ಸಬ್‌ವೂಫರ್‌ಗಳು 12 ಅಂಗುಲದ ಒಂದಕ್ಕಿಂತ ಹೆಚ್ಚು ಗಾಳಿಯನ್ನು ತಳ್ಳಬಲ್ಲವು. ಆದರೆ ಅವುಗಳಿಗೆ ಬೇಕಾಗುವ ಪೆಟ್ಟಿಗೆಯೂ ದೊಡ್ಡದು.

ಆದ್ದರಿಂದ ಮೊದಲು ಅಳೆಯಬೇಕಾದದ್ದು ಡಿಕ್ಕಿಯನ್ನು. ಮಾರುತಿ ಸ್ವಿಫ್ಟ್‌ನಂತಹ ಕಾರಿನ ಡಿಕ್ಕಿ 265 ಲೀಟರ್ ಆಸುಪಾಸಿನದು. ಅದರಲ್ಲಿ 60 ಲೀಟರ್ ಪೆಟ್ಟಿಗೆಯನ್ನಿಟ್ಟರೆ ಊರಿಗೆ ಹೋಗುವಾಗ ಕುಟುಂಬದ ಸಾಮಾನು ಸೀಟಿನ ಮೇಲೆ ಬರುವುದು ಖಚಿತ. ಸಿಎನ್‌ಜಿ ಸಿಲಿಂಡರ್ ಇರುವ ಕಾರುಗಳಲ್ಲಿ ಡಿಕ್ಕಿಯ ಆಸೆಯನ್ನೇ ಬಿಡಬೇಕಾಗುತ್ತದೆ. ಅಂತಹವರಿಗೆ ಸೀಟಿನ ಅಡಿಯಲ್ಲಿ ಕೂರುವ, ಆಂಪ್ಲಿಫೈಯರ್ ಒಳಗೇ ಇರುವ ಚಪ್ಪಟೆ ಸಬ್‌ವೂಫರ್ ಸೂಕ್ತ. ಅದರ ನಾದ ಎದೆ ನಡುಗಿಸುವಂಥದ್ದಲ್ಲ. ಆದರೆ ಚಿಕ್ಕ ಕಾರಿನಲ್ಲಿ ಇಂಪಾಗಿ ಕೇಳಲು ಅಷ್ಟು ಸಾಕು.

ಪೆಟ್ಟಿಗೆಯೇ ಅರ್ಧ ಸಂಗೀತ

ಸಬ್‌ವೂಫರ್ ಎಷ್ಟೇ ದುಬಾರಿಯಾಗಿದ್ದರೂ ಪೆಟ್ಟಿಗೆ ಸರಿಯಿಲ್ಲದಿದ್ದರೆ ನಾದ ಕೆಡುತ್ತದೆ. ಕೋನ್‌ನ ಹಿಂಭಾಗದ ಅಲೆ ಮುಂಭಾಗದ ಅಲೆಯನ್ನು ಅಳಿಸಿಹಾಕದಂತೆ ತಡೆಯುವುದು ಪೆಟ್ಟಿಗೆಯ ಮೊದಲ ಕೆಲಸ. ಪೆಟ್ಟಿಗೆಯಲ್ಲಿ ಮುಖ್ಯವಾಗಿ ಎರಡು ಬಗೆ.

ಮುಚ್ಚಿದ ಪೆಟ್ಟಿಗೆ: ಗಾಳಿಯಾಡದಂತೆ ಸಂಪೂರ್ಣ ಮುಚ್ಚಿರುತ್ತದೆ. ಗಾತ್ರ ಚಿಕ್ಕದು, 10 ಅಂಗುಲದ ಸಬ್‌ವೂಫರ್‌ಗೆ 17ರಿಂದ 28 ಲೀಟರ್, 12 ಅಂಗುಲದ್ದಕ್ಕೆ 28ರಿಂದ 42 ಲೀಟರ್ ಸಾಮಾನ್ಯವಾಗಿ ಸಾಕು. ನಾದ ಬಿಗಿಯಾಗಿದ್ದು, ತಬಲಾದ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳುತ್ತದೆ. ವಚನ ಗಾಯನ, ಹಿಂದೂಸ್ತಾನಿ ಸಂಗೀತ, ಭಾವಗೀತೆಗಳನ್ನು ಹೆಚ್ಚು ಕೇಳುವವರಿಗೆ ಇದೇ ಯೋಗ್ಯ.

ರಂಧ್ರವುಳ್ಳ ಪೆಟ್ಟಿಗೆ: ಇದರಲ್ಲಿ ನಿಗದಿತ ಅಳತೆಯ ಕೊಳವೆ ಅಥವಾ ಸೀಳು ಇರುತ್ತದೆ. ಅಷ್ಟೇ ವಿದ್ಯುತ್ತಿಗೆ ಹೆಚ್ಚು ಸದ್ದು ಬರುತ್ತದೆ. ಚಲನಚಿತ್ರ ಗೀತೆ, ನೃತ್ಯ ಸಂಗೀತ ಪ್ರಿಯರ ಒಲವು ಇದರ ಕಡೆಗೆ. ಆದರೆ 12 ಅಂಗುಲಕ್ಕೆ 50ರಿಂದ 70 ಲೀಟರ್ ಜಾಗ ಬೇಕು, ಕೊಳವೆಯ ಉದ್ದದ ಲೆಕ್ಕ ತಪ್ಪಿದರೆ ಎಲ್ಲ ಹಾಡುಗಳಲ್ಲೂ ಒಂದೇ ಗುಂಯ್‌ಗುಡುವ ಸದ್ದು ಉಳಿಯುತ್ತದೆ.

ಯಾವ ಸ್ಪೀಕರ್‌ಗೆ ಯಾವ ಪೆಟ್ಟಿಗೆ ಹೊಂದುತ್ತದೆ ಎಂಬ ಲೆಕ್ಕವನ್ನು ಆಸ್ಟ್ರೇಲಿಯಾದ ಎಂಜಿನಿಯರ್‌ಗಳಾದ ನೆವಿಲ್ ಥೀಲ್ 1961ರಲ್ಲಿ ಹಾಗೂ ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ ರೂಪಿಸಿಕೊಟ್ಟರು. ತಯಾರಕರು ಕೈಪಿಡಿಯಲ್ಲಿ ನೀಡುವ ‘ಥೀಲ್–ಸ್ಮಾಲ್’ ಅಂಕಿಗಳು ಇವೇ. ಸ್ಪೀಕರ್‌ನ ಅನುರಣನ ಆವೃತ್ತಿಯಾದ ಎಫ್‌ಎಸ್ ಅನ್ನು ಕ್ಯೂಇಎಸ್ ಅಂಕಿಯಿಂದ ಭಾಗಿಸಿದಾಗ 50ಕ್ಕಿಂತ ಕಡಿಮೆ ಬಂದರೆ ಮುಚ್ಚಿದ ಪೆಟ್ಟಿಗೆ, 100ರ ಆಸುಪಾಸು ಅಥವಾ ಅದಕ್ಕೂ ಮೀರಿ ಬಂದರೆ ರಂಧ್ರವುಳ್ಳ ಪೆಟ್ಟಿಗೆ ಹೊಂದುತ್ತದೆ. ನಡುವೆ ಬಂದರೆ ಎರಡೂ ಆಗಬಹುದು. ಸ್ಥಳೀಯ ಬಡಗಿಯಿಂದ ಮಾಡಿಸುವವರು ಕೈಪಿಡಿ ಸೂಚಿಸಿದ ಒಳ ಅಳತೆಯನ್ನೇ ಕೊಟ್ಟು, 18 ಮಿ.ಮೀ. ಎಂಡಿಎಫ್ ಹಲಗೆ ಬಳಸಿ, ಸಂದುಗಳನ್ನು ಅಂಟಿನಿಂದ ಮುಚ್ಚಿಸುವುದು ಒಳ್ಳೆಯದು. ತೆಳು ಪ್ಲೈವುಡ್ ಪೆಟ್ಟಿಗೆ ತಾನೇ ಅದುರಿ ಸದ್ದು ಮಾಡುತ್ತದೆ.

ವ್ಯಾಟ್ ಎಂಬ ಮಾಯೆ

ಡಬ್ಬದ ಮೇಲೆ ‘3000 ವ್ಯಾಟ್’, ‘5000 ವ್ಯಾಟ್’ ಎಂದು ಮುದ್ರಿಸಿರುವುದು ಬಹುತೇಕ ‘ಪೀಕ್’ ಅಥವಾ ‘ಮ್ಯಾಕ್ಸ್’ ಸಾಮರ್ಥ್ಯ. ಕ್ಷಣಮಾತ್ರದ ಈ ಅಂಕಿ ಖರೀದಿದಾರನಿಗೆ ನಿಷ್ಪ್ರಯೋಜಕ. ನೋಡಬೇಕಾದದ್ದು ನಿರಂತರವಾಗಿ ಕೊಡಬಲ್ಲ ಅಥವಾ ತಡೆದುಕೊಳ್ಳಬಲ್ಲ ‘ಆರ್‌ಎಂಎಸ್’ ಸಾಮರ್ಥ್ಯವನ್ನು. ಆಂಪ್ಲಿಫೈಯರ್‌ಗಳನ್ನು ಒಂದೇ ಅಳತೆಗೋಲಿನಲ್ಲಿ ತೂಗಲೆಂದು ಅಮೆರಿಕದಲ್ಲಿ 2003ರಲ್ಲಿ ಸಿಇಎ–2006 ಎಂಬ ಮಾನದಂಡ ರೂಪುಗೊಂಡಿತು. ಈಗ ಅದನ್ನು ಸಿಟಿಎ–2006 ಎನ್ನಲಾಗುತ್ತದೆ. 14.4 ವೋಲ್ಟ್ ಪೂರೈಕೆಯಲ್ಲಿ, 4 ಓಮ್ ಭಾರಕ್ಕೆ, ಶೇ 1ಕ್ಕಿಂತ ಹೆಚ್ಚು ವಿಕೃತಿಯಿಲ್ಲದೆ ಎಷ್ಟು ವ್ಯಾಟ್ ಹೊರಬರುತ್ತದೆ ಎಂಬುದನ್ನು ಅದು ಹೇಳುತ್ತದೆ. ಈ ಗುರುತು ಇರುವ ಆಂಪ್ಲಿಫೈಯರ್ ಹೆಚ್ಚು ನಂಬಿಕೆಗೆ ಅರ್ಹ.

ಗುರುತು ಇಲ್ಲದಿದ್ದರೆ ಫ್ಯೂಸ್ ನೋಡಿ ಅಂದಾಜಿಸಬಹುದು. ಆಂಪ್ಲಿಫೈಯರ್ ಬದಿಯಲ್ಲಿರುವ ಫ್ಯೂಸ್‌ನ ಆಂಪಿಯರ್ ಸಂಖ್ಯೆಯನ್ನು 13.8ರಿಂದ ಗುಣಿಸಿ, ದಕ್ಷತೆಯಿಂದ ಮತ್ತೆ ಗುಣಿಸಬೇಕು. ಡಿ ವರ್ಗದ ಆಂಪ್ಲಿಫೈಯರ್‌ಗಳ ದಕ್ಷತೆ ಸುಮಾರು ಶೇ 80, ಎಬಿ ವರ್ಗದ್ದು ಶೇ 50ರಿಂದ 60. ಹೀಗಾಗಿ 30 ಆಂಪಿಯರ್ ಫ್ಯೂಸ್ ಇರುವ ಡಿ ವರ್ಗದ ಯಂತ್ರ ನಿರಂತರವಾಗಿ ಕೊಡಬಲ್ಲದ್ದು ಸುಮಾರು 330 ವ್ಯಾಟ್ (30 × 13.8 × 0.8). ಡಬ್ಬದ ಮೇಲೆ 3000 ಎಂದು ಬರೆದಿದ್ದರೂ ಬ್ಯಾಟರಿಯಿಂದ ಬಾರದ ವಿದ್ಯುತ್ತು ಸ್ಪೀಕರ್‌ಗೆ ತಲುಪದು.

ಓಮ್ ಹೊಂದಾಣಿಕೆ

ಬಹಳಷ್ಟು ಆಂಪ್ಲಿಫೈಯರ್‌ಗಳು ಹಾಳಾಗುವುದು ಈ ಹಂತದಲ್ಲಿ. ಸಬ್‌ವೂಫರ್‌ನ ಕಾಯಿಲ್ ಒಡ್ಡುವ ತಡೆಯನ್ನು ಓಮ್‌ನಲ್ಲಿ ಅಳೆಯುತ್ತಾರೆ. ಓಮ್ ಕಡಿಮೆಯಾದಷ್ಟೂ ಆಂಪ್ಲಿಫೈಯರ್ ಹೆಚ್ಚು ವಿದ್ಯುತ್ತು ಹರಿಸುತ್ತದೆ, ಹೆಚ್ಚು ಬಿಸಿಯಾಗುತ್ತದೆ. ಪ್ರತಿ ಆಂಪ್ಲಿಫೈಯರ್‌ಗೂ ಇಷ್ಟಕ್ಕಿಂತ ಕೆಳಗೆ ಇಳಿಯಬಾರದೆಂಬ ಮಿತಿ ಇರುತ್ತದೆ.

ಉದಾಹರಣೆಗೆ, 300 ವ್ಯಾಟ್ ಆರ್‌ಎಂಎಸ್‌ನ, 4 ಓಮ್‌ನ ಎರಡು ಕಾಯಿಲ್‌ಗಳುಳ್ಳ ಒಂದು ಸಬ್‌ವೂಫರ್ ಇದೆ ಎಂದಿಟ್ಟುಕೊಳ್ಳೋಣ. ಎರಡೂ ಕಾಯಿಲ್‌ಗಳನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು 2 ಓಮ್. ಸರಣಿಯಲ್ಲಿ ಜೋಡಿಸಿದರೆ 8 ಓಮ್. ಕೊಳ್ಳಲಿರುವ ಒಂದೇ ಚಾನೆಲ್‌ನ ಆಂಪ್ಲಿಫೈಯರ್ 4 ಓಮ್‌ಗೆ 200 ವ್ಯಾಟ್, 2 ಓಮ್‌ಗೆ 350 ವ್ಯಾಟ್ ಕೊಡುತ್ತದೆ, 2 ಓಮ್‌ಗಿಂತ ಕೆಳಗಿಳಿಯುವಂತಿಲ್ಲ. ಆಗ ಸಮಾಂತರ ಜೋಡಣೆಯೇ ಸರಿ. ಮಿಕ್ಕ 50 ವ್ಯಾಟ್ ಅನ್ನು ಗೇನ್ ಗುಂಡಿಯಿಂದ ತಗ್ಗಿಸಬಹುದು.

ಇದೇ ಮಾದರಿಯ ಇನ್ನೊಂದು ಸಬ್‌ವೂಫರ್ ತಂದು ನಾಲ್ಕೂ ಕಾಯಿಲ್‌ಗಳನ್ನು ಸಮಾಂತರ ಜೋಡಿಸಿದರೆ ಒಟ್ಟು ತಡೆ 1 ಓಮ್‌ಗೆ ಕುಸಿಯುತ್ತದೆ. ಅದೇ ಆಂಪ್ಲಿಫೈಯರ್ ಸ್ವಯಂ ಬಂದ್ ಆಗುತ್ತದೆ ಅಥವಾ ಸುಟ್ಟುಹೋಗುತ್ತದೆ. ಪ್ರತಿ ಸಬ್‌ವೂಫರ್‌ನ ಕಾಯಿಲ್‌ಗಳನ್ನು ಸರಣಿಯಲ್ಲಿ ಜೋಡಿಸಿ, ಎರಡನ್ನೂ ಸಮಾಂತರವಾಗಿಸಿದರೆ 4 ಓಮ್ ಆಗುತ್ತದೆ. ಯಂತ್ರ ಕ್ಷೇಮ, ಆದರೆ ಒಂದೊಂದಕ್ಕೆ ಸಿಗುವುದು 100 ವ್ಯಾಟ್ ಮಾತ್ರ. ಎರಡು ಸಬ್‌ವೂಫರ್‌ಗಳ ಯೋಜನೆ ಇರುವವರು 2 ಓಮ್ ಕಾಯಿಲ್‌ಗಳ ಮಾದರಿಯನ್ನು ಕೊಂಡು ಇದೇ ರೀತಿ ಜೋಡಿಸಿದರೆ ಸರಿಯಾಗಿ 2 ಓಮ್ ದೊರೆಯುತ್ತದೆ. ಆಗ ಎರಡರ ಒಟ್ಟು ಆರ್‌ಎಂಎಸ್‌ಗೆ ತಕ್ಕ ಆಂಪ್ಲಿಫೈಯರ್ ಬೇಕಾಗುತ್ತದೆ. ಆದ್ದರಿಂದ ಸಬ್‌ವೂಫರ್ ಹಾಗೂ ಆಂಪ್ಲಿಫೈಯರ್ ಎರಡನ್ನೂ ಒಟ್ಟಿಗೆ ಯೋಚಿಸಿಯೇ ಖರೀದಿಸಬೇಕು.

ಆಂಪ್ಲಿಫೈಯರ್‌ನ ಆರ್‌ಎಂಎಸ್ ಸಬ್‌ವೂಫರ್‌ನ ಆರ್‌ಎಂಎಸ್‌ಗೆ ಸಮ ಅಥವಾ ತುಸು ಹೆಚ್ಚಿರುವುದು ಕ್ಷೇಮ. ಚಿಕ್ಕ ಆಂಪ್ಲಿಫೈಯರ್ ಕೊಂಡರೆ ಸ್ಪೀಕರ್ ಸುರಕ್ಷಿತ ಎಂಬುದು ಅರ್ಧಸತ್ಯ. ಸಾಕಾಗದ ಯಂತ್ರವನ್ನು ಪೂರ್ತಿ ಏರಿಸಿದಾಗ ಅಲೆಯ ತುದಿಗಳು ಕತ್ತರಿಸಿಹೋಗುತ್ತವೆ. ಇದನ್ನೇ ಕ್ಲಿಪ್ಪಿಂಗ್ ಎನ್ನುವುದು. ಆಗ ಯಂತ್ರ ತನ್ನ ನಿಗದಿತ ಸಾಮರ್ಥ್ಯಕ್ಕಿಂತ ಬಹಳ ಹೆಚ್ಚಿನ ವಿದ್ಯುತ್ತನ್ನು ಎಡೆಬಿಡದೆ ಕಾಯಿಲ್‌ಗೆ ಹರಿಸಿ, ಅದನ್ನು ಕಾಯಿಸುತ್ತಲೇ ಇರುತ್ತದೆ.

ವೈರ್, ಫ್ಯೂಸ್: ಉಳಿತಾಯ ಸಲ್ಲದು

ಮೇಲಿನ 300 ವ್ಯಾಟ್ ಉದಾಹರಣೆಯಲ್ಲಿ ಡಿ ವರ್ಗದ ಆಂಪ್ಲಿಫೈಯರ್ ಸುಮಾರು 27 ಆಂಪಿಯರ್ ಎಳೆಯುತ್ತದೆ. ಬಾನೆಟ್‌ನಿಂದ ಡಿಕ್ಕಿಯವರೆಗಿನ 5 ಮೀಟರ್ ದೂರಕ್ಕೆ 8 ಗೇಜ್‌ನ, ಅಂದರೆ ಸುಮಾರು 8 ಚದರ ಮಿ.ಮೀ. ದಪ್ಪದ ಶುದ್ಧ ತಾಮ್ರದ ವೈರ್ ಸಾಕು. 500 ವ್ಯಾಟ್‌ಗೆ ಸುಮಾರು 45 ಆಂಪಿಯರ್ ಬೇಕಾಗುವುದರಿಂದ 4 ಗೇಜ್, ಅಂದರೆ 21 ಚದರ ಮಿ.ಮೀ. ವೈರ್ ಯೋಗ್ಯ. ಅಗ್ಗದ ಕಿಟ್‌ಗಳಲ್ಲಿ ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ವೈರ್ ಇರುತ್ತದೆ. ತುದಿಯನ್ನು ಕೆರೆದರೆ ಬೆಳ್ಳಗೆ ಕಾಣುವ ಈ ವೈರ್ ಅದೇ ದಪ್ಪದ ತಾಮ್ರದಷ್ಟು ವಿದ್ಯುತ್ತು ಸಾಗಿಸಲಾರದು.

ಬ್ಯಾಟರಿಯಿಂದ 45 ಸೆಂ.ಮೀ. ಒಳಗೆ ಫ್ಯೂಸ್ ಇರಲೇಬೇಕು. ಆಂಪ್ಲಿಫೈಯರ್ ಮೇಲಿನ ಫ್ಯೂಸ್ ಯಂತ್ರವನ್ನು ಕಾಯುತ್ತದೆ. ಬ್ಯಾಟರಿ ಬಳಿಯ ಫ್ಯೂಸ್ ಕಾರನ್ನು ಕಾಯುತ್ತದೆ. ತಗಡಿನ ಅಂಚಿಗೆ ತಾಗಿ ವೈರಿನ ಹೊದಿಕೆ ಸವೆದು ಶಾರ್ಟ್ ಆದಾಗ ಬೆಂಕಿಯನ್ನು ತಡೆಯುವುದು ಇದೊಂದೇ. ವೈರ್ ತೂರುವ ರಂಧ್ರಕ್ಕೆ ರಬ್ಬರ್ ಬಳೆ ಹಾಕಿಸಬೇಕು. ಅರ್ಥಿಂಗ್ ಬಿಂದುವಿನಲ್ಲಿ ಬಣ್ಣ ಕೆರೆದು, ಅಷ್ಟೇ ದಪ್ಪದ ವೈರನ್ನು ಬಿಗಿಯಾಗಿ ಕೂರಿಸಬೇಕು. ವಿದ್ಯುತ್ ವೈರ್ ಒಂದು ಬದಿಯಲ್ಲಿ, ಧ್ವನಿಯ ಆರ್‌ಸಿಎ ವೈರ್ ಇನ್ನೊಂದು ಬದಿಯಲ್ಲಿ ಸಾಗಿದರೆ ಎಂಜಿನ್ ವೇಗದೊಂದಿಗೆ ಏರಿಳಿಯುವ ಸಿಳ್ಳಿನ ಸದ್ದು ಕೇಳಿಸದು. ಏರ್‌ಬ್ಯಾಗ್‌ನ ಹಳದಿ ಕನೆಕ್ಟರ್‌ಗಳು, ವಿದ್ಯುತ್ ಕಾರುಗಳ ಕಿತ್ತಳೆ ಬಣ್ಣದ ಕೇಬಲ್‌ಗಳ ತಂಟೆಗೆ ಹೋಗಲೇಬಾರದು.

ಆಂಪ್ಲಿಫೈಯರ್‌ಗೆ ಗಾಳಿ ಬೇಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬೀದರ್ ಜಿಲ್ಲೆಯ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಒಳಗಿನ ತಾಪ ಇನ್ನೂ ಬಹಳ ಹೆಚ್ಚು. ಕಾರ್ಪೆಟ್ ಅಡಿಯಲ್ಲಿ ಹುದುಗಿಸಿದ ಯಂತ್ರ ಬೇಗ ಬಂದ್ ಬೀಳುತ್ತದೆ.

ಲಾರಿ ಎಲೆಕ್ಟ್ರಿಷಿಯನ್, ಕಾರಿನ ಕೆಲಸ

ಲಾರಿ ಕೆಲಸವೇ ಪ್ರಧಾನವಾದ ಊರುಗಳಲ್ಲಿ ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಕಾರು, ಜೀಪುಗಳಲ್ಲಿ 12 ವೋಲ್ಟ್ ವ್ಯವಸ್ಥೆಯಿದ್ದರೆ, ದೊಡ್ಡ ಲಾರಿಗಳಲ್ಲಿ 12 ವೋಲ್ಟ್‌ನ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿದ 24 ವೋಲ್ಟ್ ವ್ಯವಸ್ಥೆ ಇರುತ್ತದೆ. ಕಾರಿನ ಆಂಪ್ಲಿಫೈಯರನ್ನು ನೇರವಾಗಿ 24 ವೋಲ್ಟ್‌ಗೆ ಕೊಟ್ಟರೆ ಅದು ಕ್ಷಣದಲ್ಲಿ ಹಾಳಾಗಬಹುದು. ಎರಡು ಬ್ಯಾಟರಿಗಳ ಪೈಕಿ ಒಂದರಿಂದ ಮಾತ್ರ ವೈರ್ ಎಳೆಯುವುದೂ ತಪ್ಪು. ಒಂದು ಬ್ಯಾಟರಿ ಸದಾ ಅರೆ ಚಾರ್ಜ್‌ನಲ್ಲಿ, ಇನ್ನೊಂದು ಅತಿ ಚಾರ್ಜ್‌ನಲ್ಲಿ ಉಳಿದು ಎರಡೂ ಕೆಡುತ್ತವೆ. ಲಾರಿಗೆ ಬೇಕಾದಷ್ಟು ಆಂಪಿಯರ್ ಸಾಮರ್ಥ್ಯದ, 24ರಿಂದ 12 ವೋಲ್ಟ್‌ಗೆ ಇಳಿಸುವ ಕನ್ವರ್ಟರ್ ಕಡ್ಡಾಯ.

ಹಳೆಯ ಸರಕು ಕೊಳ್ಳುವವರು ಮಲ್ಟಿಮೀಟರ್ ಜೊತೆಗೊಯ್ಯಬೇಕು. 4 ಓಮ್ ಎಂದು ಗುರುತಿಸಿದ ಕಾಯಿಲ್ ಮೀಟರ್‌ನಲ್ಲಿ ಸಾಮಾನ್ಯವಾಗಿ 3.2ರಿಂದ 3.8 ತೋರಿಸುತ್ತದೆ. ಏನೂ ತೋರಿಸದಿದ್ದರೆ ಕಾಯಿಲ್ ಕಡಿದಿದೆ, ಸೊನ್ನೆಯ ಸಮೀಪ ತೋರಿಸಿದರೆ ಸುಟ್ಟು ಕೂಡಿಕೊಂಡಿದೆ. ಕೋನ್ ಅನ್ನು ಎರಡೂ ಕೈಗಳಿಂದ ಸಮನಾಗಿ ಮೆಲ್ಲಗೆ ಒತ್ತಿದಾಗ ಕೆರೆದ ಸದ್ದು ಬಂದರೆ, ಸುಟ್ಟ ವಾಸನೆ ಇದ್ದರೆ ಬಿಟ್ಟುಬಿಡುವುದು ಲೇಸು.

ಬ್ಯಾಟರಿಯ ಮಿತಿ

ಚಿಕ್ಕ ಕಾರುಗಳ ಬ್ಯಾಟರಿ ಸಾಮಾನ್ಯವಾಗಿ 35ರಿಂದ 45 ಆಂಪಿಯರ್–ಅವರ್ ಸಾಮರ್ಥ್ಯದ್ದು. ಎಂಜಿನ್ ನಿಲ್ಲಿಸಿ ಹಾಡು ಕೇಳುವಾಗ ಸರಾಸರಿ 10 ಆಂಪಿಯರ್ ವ್ಯಯವಾದರೂ 35 ಆಂಪಿಯರ್–ಅವರ್‌ನ ಬ್ಯಾಟರಿ ಎರಡು ಗಂಟೆಯೊಳಗೆ ಅರ್ಧ ಖಾಲಿಯಾಗುತ್ತದೆ; ಮತ್ತೆ ಎಂಜಿನ್ ಚಾಲೂ ಆಗದಿರಬಹುದು. ರಾತ್ರಿ ಹೆಡ್‌ಲೈಟ್ ಮಂಕಾಗಿ ಬೇಸ್‌ನ ತಾಳಕ್ಕೆ ಮಿಣುಕಿದರೆ ಆಲ್ಟರ್ನೇಟರ್ ಸೋಲುತ್ತಿದೆ ಎಂದರ್ಥ. ಕಾರಿನ ಮೂಲ ವ್ಯವಸ್ಥೆಯನ್ನು ಮುಟ್ಟದೆ 300–500 ವ್ಯಾಟ್ ಆರ್‌ಎಂಎಸ್‌ಗೆ ಮಿತಿಗೊಳಿಸುವುದು ಬಹುತೇಕರಿಗೆ ಜಾಣತನ. ವ್ಯಾಟ್ ದುಪ್ಪಟ್ಟಾದರೆ ಸದ್ದು ಏರುವುದು ಕೇವಲ 3 ಡೆಸಿಬಲ್. ಕಿವಿಗೆ ಸದ್ದು ಇಮ್ಮಡಿಯೆನಿಸಲು ಸುಮಾರು ಹತ್ತು ಪಟ್ಟು ವ್ಯಾಟ್ ಬೇಕಾಗುತ್ತದೆ.

ಹೊಂದಿಸುವ ಕ್ರಮ

ಗೇನ್ ಎಂಬುದು ವಾಲ್ಯೂಮ್ ಗುಂಡಿಯಲ್ಲ. ಮುಂಭಾಗದ ಸ್ಟೀರಿಯೊದ ಸಂಕೇತಕ್ಕೆ ಆಂಪ್ಲಿಫೈಯರನ್ನು ಹೊಂದಿಸುವ ಸಾಧನ. ಸ್ಪೀಕರ್ ವೈರ್ ಕಳಚಿ, ಬೇಸ್ ಬೂಸ್ಟ್ ಸೊನ್ನೆಗಿಟ್ಟು, ಸ್ಟೀರಿಯೊ ವಾಲ್ಯೂಮ್ ಮುಕ್ಕಾಲು ಪಾಲು ಏರಿಸಿ, 50 ಹರ್ಟ್ಸ್ ಪರೀಕ್ಷಾ ಧ್ವನಿ ನುಡಿಸಬೇಕು. ಮಲ್ಟಿಮೀಟರನ್ನು ಎಸಿ ವೋಲ್ಟ್‌ನಲ್ಲಿಟ್ಟು ಆಂಪ್ಲಿಫೈಯರ್‌ನ ಹೊರಹರಿವನ್ನು ಅಳೆಯಬೇಕು. ಗುರಿಯ ವೋಲ್ಟ್ ಎಂದರೆ ವ್ಯಾಟ್ ಮತ್ತು ಓಮ್‌ಗಳ ಗುಣಲಬ್ಧದ ವರ್ಗಮೂಲ. 300 ವ್ಯಾಟ್, 2 ಓಮ್‌ಗೆ ಅದು 24.5 ವೋಲ್ಟ್. ಮೀಟರ್ ಅಷ್ಟು ತೋರಿಸಿದಲ್ಲಿಗೆ ಗೇನ್ ನಿಲ್ಲಿಸಬೇಕು. ಲೋ ಪಾಸ್ ಫಿಲ್ಟರನ್ನು 80 ಹರ್ಟ್ಸ್‌ಗಿಟ್ಟು ಆರಂಭಿಸಬಹುದು. ರಂಧ್ರವುಳ್ಳ ಪೆಟ್ಟಿಗೆಯಾದರೆ ಸಬ್‌ಸಾನಿಕ್ ಫಿಲ್ಟರನ್ನು ಸುಮಾರು 25–30 ಹರ್ಟ್ಸ್‌ಗೆ ಇಡುವುದರಿಂದ ಕೋನ್ ಮಿತಿಮೀರಿ ಚಲಿಸುವುದು ತಪ್ಪುತ್ತದೆ.

ಕಂಪನಿಯ ಸ್ಟೀರಿಯೊದಲ್ಲಿ ಆರ್‌ಸಿಎ ಹೊರಕೊಂಡಿ ಇಲ್ಲದಿದ್ದರೆ ಸ್ಪೀಕರ್ ವೈರಿನಿಂದಲೇ ಸಂಕೇತ ಪಡೆಯುವ ‘ಹೈ ಲೆವೆಲ್ ಇನ್‌ಪುಟ್’ ಇರುವ ಆಂಪ್ಲಿಫೈಯರ್ ಆಯ್ದುಕೊಳ್ಳಬೇಕು. ಮೂಲ ವೈರ್ ಕತ್ತರಿಸದೆ ಕಪ್ಲರ್ ಮೂಲಕ ಜೋಡಿಸಿದರೆ ವಾರಂಟಿ ತಕರಾರು ಕಡಿಮೆ. ಹೊರಗಿನಿಂದ ಅಳವಡಿಸಿದ ಉಪಕರಣಗಳ ಮೌಲ್ಯವನ್ನು ವಿಮಾ ಕಂಪನಿಗೆ ತಿಳಿಸಿ ಪ್ರತ್ಯೇಕ ಪ್ರೀಮಿಯಂ ತೆತ್ತಿದ್ದರೆ ಮಾತ್ರ ಕಳವಾದಾಗ ಪರಿಹಾರ ಕೇಳಬಹುದು. ಇದಕ್ಕಾಗಿ ರಸೀದಿ ಅಗತ್ಯ.

ಕಿವಿ, ಕಾನೂನು

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರು 80 ಡೆಸಿಬಲ್ ಮಟ್ಟದ ಧ್ವನಿಯನ್ನು ವಾರಕ್ಕೆ 40 ಗಂಟೆಯವರೆಗೆ ಕೇಳಬಹುದು. ಪ್ರತಿ 3 ಡೆಸಿಬಲ್ ಏರಿಕೆಗೆ ಈ ಅವಧಿ ಅರ್ಧಕ್ಕಿಳಿಯುತ್ತದೆ. 90 ಡೆಸಿಬಲ್ ತಲುಪುವ ಹೊತ್ತಿಗೆ ಉಳಿಯುವುದು ವಾರಕ್ಕೆ ಸುಮಾರು 4 ಗಂಟೆ. ಒಮ್ಮೆ ನಶಿಸಿದ ಒಳಗಿವಿಯ ರೋಮಕೋಶಗಳು ಮತ್ತೆ ಹುಟ್ಟುವುದಿಲ್ಲ. ಹಿಂದಿನ ಸೀಟಿನಲ್ಲಿ, ಪೆಟ್ಟಿಗೆಗೆ ಅತಿ ಸಮೀಪದಲ್ಲಿ ಕೂರುವವರು ಹೆಚ್ಚಾಗಿ ಮಕ್ಕಳು ಎಂಬುದನ್ನು ಮರೆಯುವಂತಿಲ್ಲ. ಆಂಬುಲೆನ್ಸ್ ಸೈರನ್, ಹಿಂದಿನ ಲಾರಿಯ ಹಾರ್ನ್ ಕೇಳಿಸದಷ್ಟು ಸದ್ದು ಹೆದ್ದಾರಿಯಲ್ಲಿ ಅಪಾಯಕಾರಿ.

ಶಬ್ದ ಮಾಲಿನ್ಯ (ನಿಯಂತ್ರಣ) ನಿಯಮಗಳು–2000ರ ಪ್ರಕಾರ ವಸತಿ ಪ್ರದೇಶದ ಶಬ್ದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ರಾತ್ರಿ ಎಂದರೆ 10ರಿಂದ ಬೆಳಿಗ್ಗೆ 6 ಗಂಟೆವರೆಗೆ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ 100 ಮೀಟರ್ ನಿಶ್ಶಬ್ದ ವಲಯದಲ್ಲಿ ಈ ಮಿತಿ ಕ್ರಮವಾಗಿ 50 ಮತ್ತು 40. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯ ನಂತರ, ವಾಹನದಿಂದ ಶಬ್ದ ನಿಯಂತ್ರಣ ಮಾನದಂಡ ಉಲ್ಲಂಘಿಸಿದರೆ ಕಲಂ 190(2)ರ ಅಡಿ ಮೊದಲ ಬಾರಿಗೇ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು.

ಅಂಗಡಿಗೆ ಹೋಗುವ ಮುನ್ನ

* ಡಿಕ್ಕಿಯಲ್ಲಿ ಬಿಟ್ಟುಕೊಡಬಹುದಾದ ಜಾಗವನ್ನು ಅಳೆದು ಬರೆದುಕೊಳ್ಳಿ.
* ಹೆಚ್ಚಾಗಿ ಕೇಳುವ ಸಂಗೀತಕ್ಕೆ ತಕ್ಕ ಪೆಟ್ಟಿಗೆ ನಿರ್ಧರಿಸಿ.
* ಸಬ್‌ವೂಫರ್‌ನ ಆರ್‌ಎಂಎಸ್ ಹಾಗೂ ಕಾಯಿಲ್ ಓಮ್ ಕೇಳಿ ತಿಳಿಯಿರಿ.
* ಅದೇ ಓಮ್‌ಗೆ ಅಷ್ಟೇ ಆರ್‌ಎಂಎಸ್ ಕೊಡುವ ಆಂಪ್ಲಿಫೈಯರ್ ಹುಡುಕಿ. ಫ್ಯೂಸ್ ಲೆಕ್ಕದಿಂದ ಪರೀಕ್ಷಿಸಿ.
* ತಾಮ್ರದ ವೈರ್, ಬ್ಯಾಟರಿ ಬಳಿಯ ಫ್ಯೂಸ್‌ಗೆ ಹಣ ತೆಗೆದಿಟ್ಟ ಮೇಲೆಯೇ ಉಳಿದ ಮೊತ್ತದಲ್ಲಿ ಸಬ್‌ವೂಫರ್ ಆರಿಸಿ.
* ನಿಮಗೆ ಪರಿಚಿತವಾದ ಹಾಡನ್ನು ಕಾರಿನಲ್ಲೇ ನುಡಿಸಿ ಕೇಳಿ, ರಸೀದಿ ಪಡೆಯಿರಿ.

ಒಳ್ಳೆಯ ಸಬ್‌ವೂಫರ್ ಇದೆ ಎಂಬುದು ಪ್ರತ್ಯೇಕವಾಗಿ ಗೊತ್ತಾಗಬಾರದು. ಗಾಯಕನ ದನಿ ಮುಂದೆ, ಡಗ್ಗಾದ ನಾದ ಅದರ ಬೆನ್ನಿಗೆ ಕೇಳಬೇಕು. ಹಾಗೆ ಕೇಳಿದರೆ ಆಯ್ಕೆಯೂ ಜೋಡಣೆಯೂ ಸರಿಯಾಗಿವೆ ಎಂದು ತಿಳಿಯಬಹುದು.